578ರ ಪಟ್ಟೆ ಯಾರದ್ದು? ನೂರು ವರ್ಷ ಆದ್ರೂ ಹೆಸರು ಸಿಗದ ನಕ್ಷತ್ರ ಬೆಳಕಿನ ಕಲೆಗಳು

ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಅಕ್ಕನ ಮಗಳು ರಜೆಗೆ ನಮ್ಮಲ್ಲಿಗೆ ಬಂದಿದ್ದಳು. ಒಂಬತ್ತನೇ ಕ್ಲಾಸ್ ಮುಗಿಸಿದ ಹುಡುಗಿ, ನಮ್ಮ ಬದಿಯಡ್ಕ ಕಡೆಯದ್ದೇ ಒಂದು ಕನ್ನಡ ಮೀಡಿಯಂ ಶಾಲೆ. ಚಪ್ಪಲಿಯ ಖಾಲಿ ಡಬ್ಬಕ್ಕೆ ಹಳೆ ಸಿಡಿಯ ತುಂಡು ಅಂಟಿಸಿ, ಎದುರು ಬದಿಗೆ ಎರಡು ಬ್ಲೇಡ್ ಇಟ್ಟು ಕೂದಲೆಳೆಯಷ್ಟು ಸೀಳು ಬಿಟ್ಟು ಬೆಳಕು ಬಿಡಿಸಿ ನೋಡುವ ಪೆಟ್ಟಿಗೆ ಒಂದು ಮಾಡಿ ಕೊಟ್ಟೆ. ನಮ್ಮ ಬಚ್ಚಲಲ್ಲಿ ಇನ್ನೂ ಹಳೆ ಕಾಲದ ಫಿಲಮೆಂಟ್ ಬಲ್ಬ್ ಉಂಟು, ಅದನ್ನು ನೋಡಿದ್ರೆ ಕೆಂಪಿಂದ ನೇರಳೆವರೆಗೆ ಎಲ್ಲಿಯೂ ತುಂಡಾಗದ ಬಣ್ಣದ ಪಟ್ಟಿ. ಮತ್ತೆ ಬಾವಿಗೆ ಹಾಕ್ಲಿಕ್ಕೆ ಅಂತ ತಂದಿಟ್ಟಿದ್ದ ಪರ್ಮಾಂಗನೇಟ್ ಪುಡಿಯ ಎರಡೇ ಎರಡು ಹರಳು ಒಂದು ಗ್ಲಾಸ್ ನೀರಿಗೆ ಹಾಕಿ, ತೆಳು ಗುಲಾಬಿ ಬಣ್ಣ ಬಂದ ಮೇಲೆ ಗ್ಲಾಸನ್ನು ಬಲ್ಬ್‌ಗೂ ಸೀಳಿಗೂ ನಡುವೆ ಹಿಡಿದೆ.

"ಮಾವ, ಹಸಿರು ಇರುವಲ್ಲಿ ಎಂತದೋ ಮಸಿ ತಾಗಿದ ಹಾಗೆ ಉಂಟು. ಒಂದಲ್ಲ, ಎರಡು ಮೂರು ಉಂಟು."

ಅದೇ. ಅಂಚು ಚೂಪಿಲ್ಲದ, ಬೆರಳಲ್ಲಿ ಉಜ್ಜಿದ ಹಾಗೆ ಇರುವ ಕಪ್ಪು ಪಟ್ಟೆಗಳು. ಪರ್ಮಾಂಗನೇಟ್ ಹಸಿರು ಬೆಳಕಲ್ಲಿ ಕೆಲವು ತುಂಡುಗಳನ್ನು ಮಾತ್ರ ಹೀರಿಕೊಳ್ತದೆ, ಉಳಿದದ್ದನ್ನು ಬಿಡ್ತದೆ, ಹಾಗಾಗಿಯೇ ನೀರು ಗುಲಾಬಿ ಕಾಣುವುದು. ಗ್ಲಾಸಲ್ಲಿ ಎಂತ ಉಂಟು ಅಂತ ಯಾರೂ ಹೇಳದಿದ್ರೂ ಆ ಪಟ್ಟೆಗಳ ಜಾಗ ಅಳೆದು ಪರ್ಮಾಂಗನೇಟ್ ಅಂತ ಹೇಳಬಹುದು, ಯಾಕಂದ್ರೆ ಯಾರೋ ಮೊದಲೇ ಲ್ಯಾಬಲ್ಲಿ ಪರ್ಮಾಂಗನೇಟ್ ಅಂತ ಗೊತ್ತಿದ್ದ ನೀರನ್ನು ಅಳೆದು ಬರೆದಿಟ್ಟಿದ್ದಾರೆ. ಈ ಕಡೆಯ ಮಾತು ನೆನಪಿರಲಿ, ಮುಂದೆ ಇಡೀ ವಿಷಯ ನಿಲ್ಲುವುದು ಅದರ ಮೇಲೆಯೇ.

ಈಗ ಬಲ್ಬ್ ಇರುವಲ್ಲಿ ದೂರದ ಒಂದು ನಕ್ಷತ್ರ ಇಟ್ಟುಕೊಳ್ಳಿ, ಗ್ಲಾಸ್ ಇರುವಲ್ಲಿ ನಕ್ಷತ್ರಕ್ಕೂ ನಮಗೂ ನಡುವೆ ತೇಲುವ ಅನಿಲ ಮತ್ತೆ ಧೂಳಿನ ಮೋಡ. ನಕ್ಷತ್ರದ ಬೆಳಕು ಆ ಮೋಡ ದಾಟಿ ಬರುವಾಗ ಅದರ ಬಣ್ಣದ ಪಟ್ಟಿಯಲ್ಲಿ ಇಂಥದ್ದೇ ಮಸುಕು ಕಲೆಗಳು ಬೀಳ್ತವೆ, ಎರಡು ಮೂರಲ್ಲ, ಇವತ್ತಿನ ಲೆಕ್ಕದಲ್ಲಿ 500ಕ್ಕೂ ಮೇಲೆ. ಇವಕ್ಕೆ ಡಿಫ್ಯೂಸ್ ಇಂಟರ್‌ಸ್ಟೆಲ್ಲಾರ್ ಬ್ಯಾಂಡ್ ಅಂತ ಹೆಸರು, ಚಿಕ್ಕದಾಗಿ ಡಿಐಬಿ. ಇಷ್ಟರಲ್ಲಿ ಯಾವ ಕಲೆ ಯಾವ ವಸ್ತುವಿನದ್ದು ಅಂತ ಎಲ್ಲರೂ ಒಪ್ಪುವ ಹಾಗೆ ಗೊತ್ತಾಗಿರುವುದು ಒಂದೇ ಒಂದು ಅಣುವಿನದ್ದು. ಅದಕ್ಕೆ ಸೇರಿದ ಪಟ್ಟೆಗಳು ಒಂದು ಕೈಯ ಬೆರಳಲ್ಲಿ ಎಣಿಸಿ ಮುಗೀತವೆ. ಉಳಿದದ್ದೆಲ್ಲ ಅನಾಮಿಕ. ಇಷ್ಟು ದೊಡ್ಡ ಟೆಲಿಸ್ಕೋಪ್‌ಗಳ ಕಾಲದಲ್ಲಿ ಇದು ಹೇಗೆ ಬಾಕಿ ಉಳೀತು ಅಂತ ಬಿಡಿಸಿ ಹೇಳಬೇಕು ಅಂತಲೇ ಇದನ್ನು ಬರೀತಾ ಇದ್ದೇನೆ.

ಕಥೆ ಶುರುವಾಗುವುದು ಮಹಾವ್ಯಾಧ (ಓರಿಯನ್) ಅನ್ನುವ ನಕ್ಷತ್ರಪುಂಜದ ನಡುಪಟ್ಟಿಯಿಂದ. ಆ ಮೂರು ನಕ್ಷತ್ರಗಳಲ್ಲಿ ಪಶ್ಚಿಮ ತುದಿಯದ್ದು ಡೆಲ್ಟಾ ಓರಿಯೋನಿಸ್, ನೋಡ್ಲಿಕ್ಕೆ ಒಂದು, ನಿಜದಲ್ಲಿ ಒಂದಕ್ಕೊಂದು ಸುತ್ತುವ ನಕ್ಷತ್ರಗಳು. ಸುತ್ತುವಾಗ ನಮ್ಮ ಕಡೆ ಬಂದ್ರೆ ಅದರ ಬಣ್ಣದ ಪಟ್ಟಿಯಲ್ಲಿ ಇರುವ ಸಣ್ಣ ಕಪ್ಪು ಗೆರೆಗಳು ನೀಲಿ ಕಡೆಗೆ, ದೂರ ಹೋದ್ರೆ ಕೆಂಪು ಕಡೆಗೆ ಸರೀತವೆ, ಕುಂಬಳೆಯಲ್ಲಿ ನಿಲ್ಲದೆ ಹೋಗುವ ರೈಲಿನ ಹಾರ್ನ್ ಹತ್ತಿರ ಬರುವಾಗ ಕೀರಲು, ದಾಟಿದ ಮೇಲೆ ದಪ್ಪ ಕೇಳುವ ಹಾಗೆ. 1904ರಲ್ಲಿ ಜರ್ಮನಿಯ ಯೋಹಾನೆಸ್ ಹಾರ್ಟ್‌ಮನ್ ಇದರಲ್ಲಿ ಒಂದು ಕ್ಯಾಲ್ಸಿಯಂ ಗೆರೆ ಉಳಿದದ್ದರ ಜೊತೆ ಆಚೀಚೆ ಆಗದೆ ಸುಮ್ಮನೆ ನಿಂತದ್ದನ್ನು ಕಂಡರು. ನಕ್ಷತ್ರ ಓಡಾಡ್ತದೆ, ಗೆರೆ ಓಡಾಡುವುದಿಲ್ಲ ಅಂದ್ರೆ ಗೆರೆ ನಕ್ಷತ್ರದ್ದಲ್ಲ, ದಾರಿಯಲ್ಲಿ ಇರುವ ಯಾವುದರದ್ದೋ. ನಕ್ಷತ್ರಗಳ ನಡುವೆ ಖಾಲಿ ಅಲ್ಲ ಅಂತ ಗಟ್ಟಿಯಾಗಿ ತೋರಿಸಿದ್ದು ಇದು.

ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ ಮೇರಿ ಲೀ ಹೆಗರ್ ಅಂತ ಒಬ್ಬರು ಆಗ ಇನ್ನೂ ಓದ್ತಾ ಇದ್ದವರು, 1919ರಲ್ಲಿ ಸೋಡಿಯಂ ಗೆರೆಗಳೂ ಹಾಗೆ ನಿಂತಿರ್ತವೆ ಅಂತ ತೋರಿಸಿದರು, 1922ರಲ್ಲಿ ಬಂದ ಬರಹದಲ್ಲಿ ಹಳದಿ ಭಾಗದ ಇನ್ನೆರಡು ಗೆರೆಗಳ ಬಗ್ಗೆ ಹೇಳಿದರು, 578.0 ಮತ್ತು 579.7 ನ್ಯಾನೊಮೀಟರ್ (ಇದು ಬೆಳಕಿನ ಅಲೆಯ ಉದ್ದ, ಬಣ್ಣದ ಪಟ್ಟಿಯಲ್ಲಿ ಜಾಗ ಹೇಳುವುದು ಇದರಲ್ಲೇ). ಇವೆರಡು ಕ್ಯಾಲ್ಸಿಯಂ ಅಲ್ಲ, ಸೋಡಿಯಂ ಅಲ್ಲ, ಗೊತ್ತಿದ್ದ ಯಾವುದಕ್ಕೂ ತಾಳೆ ಇಲ್ಲ. 1930ರ ದಶಕದಲ್ಲಿ ಮೌಂಟ್ ವಿಲ್ಸನ್‌ನ ಪೌಲ್ ಮೆರಿಲ್ ಇನ್ನಷ್ಟು ಹುಡುಕಿ, ಇವು ನಕ್ಷತ್ರಗಳ ನಡುವಿನದ್ದೇ ಅಂತ ಖಚಿತ ಮಾಡಿದರು. ಆ 578ರ ಪಟ್ಟೆಗೆ ಇವತ್ತಿಗೂ ಹೆಸರಿಲ್ಲ.

ಹೆಸರಿಲ್ಲ ಅಂದ ಮಾತ್ರಕ್ಕೆ ಏನೂ ಗೊತ್ತಿಲ್ಲ ಅಂತ ಅಲ್ಲ. ಒಂಟಿ ಪರಮಾಣುವಿನ ಗೆರೆ ಸೂಜಿ ಹಾಗೆ ಚೂಪು, ಇವು ಅಗಲ, 443ರಲ್ಲಿರುವ ದೊಡ್ಡ ಪಟ್ಟೆಯಂತೂ ಸುಮಾರು 2 ನ್ಯಾನೊಮೀಟರ್ ಅಗಲ ಉಂಟು. ಹಾಗಾದ್ರೆ ಧೂಳಿನ ಕಣಗಳಾ? ಧೂಳು ಬೆಳಕನ್ನು ಧ್ರುವೀಕರಿಸ್ತದೆ, ಅಂದ್ರೆ ಬೆಳಕಿನ ಅಲೆಗಳ ಅಲುಗಾಟ ಹೆಚ್ಚಾಗಿ ಒಂದೇ ದಿಕ್ಕಿಗೆ ಇರುವ ಹಾಗೆ ಮಾಡ್ತದೆ, ಈ ಪಟ್ಟೆಗಳ ಒಳಗೆ ಅಳೆದು ನೋಡಿದ್ರೆ ಅಂಥ ಹೆಚ್ಚುವರಿ ಧ್ರುವೀಕರಣ ಸಿಗುವುದಿಲ್ಲ. ಮತ್ತೆ 1990ರ ದಶಕದಲ್ಲಿ ಒಳ್ಳೆ ಉಪಕರಣ ಬಂದಾಗ 661.4ರ ಪಟ್ಟೆಯ ಒಳಗೆ ಮೂರು ಸಣ್ಣ ತಗ್ಗು ಕಂಡವು, ದೊಡ್ಡ ಅಣು ಒಂದು ಅನಿಲ ರೂಪದಲ್ಲಿ ತಿರುಗ್ತಾ ಇದ್ದರೆ ಹೇಗೆ ಕಾಣ್ತದೋ ಹಾಗೆಯೇ. ಹಾಗಾಗಿ ಇವತ್ತು ಹೆಚ್ಚಿನವರು ಒಪ್ಪುವುದು ಇಷ್ಟು: ಇವು ಬಿಡಿಬಿಡಿಯಾಗಿ ತೇಲುವ ದೊಡ್ಡ ಅಣುಗಳು, ಬಹುತೇಕ ಕಾರ್ಬನ್ ಇರುವಂಥವು.

ಒಂದೇ ಅಣುವಾ ಹಲವಾ ಅನ್ನುವ ಪ್ರಶ್ನೆಗೆ ಕಾಸರಗೋಡು-ಮುಳ್ಳೇರಿಯ ಬಸ್ಸಲ್ಲಿ ದಿನಾ ಓಡಾಡುವವರಿಗೆ ಉತ್ತರ ಸುಲಭ. ತುಳು, ಮಲಯಾಳ, ಕನ್ನಡ, ಕೊಂಕಣಿ, ಬ್ಯಾರಿ ಎಲ್ಲ ಒಟ್ಟಿಗೆ ಕೇಳುವ ಬಸ್ಸಲ್ಲಿ ಯಾರು ಯಾರ ಮನೆಯವರು ಅಂತ ಗೊತ್ತಾಗಬೇಕಾದ್ರೆ ಯಾರು ಯಾವಾಗಲೂ ಒಟ್ಟಿಗೆ ಹತ್ತಿ ಒಟ್ಟಿಗೆ ಇಳೀತಾರೆ ಅಂತ ನೋಡಬೇಕು. ಪಟ್ಟೆಗಳಿಗೂ ಅದೇ ಪರೀಕ್ಷೆ. ಒಂದೇ ಅಣುವಿನ ಎರಡು ಪಟ್ಟೆ ಆದ್ರೆ ಒಂದು ದಟ್ಟ ಆದಲ್ಲೆಲ್ಲ ಇನ್ನೊಂದೂ ಅದೇ ಪ್ರಮಾಣದಲ್ಲಿ ದಟ್ಟ ಆಗಬೇಕು. ನೂರಾರು ಪಟ್ಟೆಗಳಲ್ಲಿ ಹಾಗೆ ಬಿಟ್ಟಿರದ ಜೋಡಿ ತುಂಬಾ ಕಡಿಮೆ. 619.6 ಮತ್ತು 661.4 ಹೆಚ್ಚುಕಮ್ಮಿ ಒಟ್ಟಿಗೆ ಹೋಗ್ತವೆ. ಆದ್ರೆ ಹೆಗರ್ ಕಂಡ ಆ ಎರಡು, 578.0 ಮತ್ತು 579.7, ಪಕ್ಕ ಪಕ್ಕ ಕೂತಿದ್ರೂ ಒಂದೇ ಮನೆಯವಲ್ಲ. ಜ್ಯೇಷ್ಠಾ ನಕ್ಷತ್ರದ ಹತ್ತಿರ ಇರುವ ಸಿಗ್ಮಾ ಸ್ಕಾರ್ಪಿಯೈ ಕಡೆ ನೋಡಿದ್ರೆ 578 ಜೋರು, 579.7 ಸಪ್ಪೆ. ಉರಗಧರದ ಝೀಟಾ ಓಫಿಯುಕೈ ಕಡೆ ನೋಡಿದ್ರೆ 579.7ರ ಪಾಲು ಏರ್ತದೆ. ಮೋಡದ ಹೊರಮೈಯಲ್ಲಿ ನೇರಳಾತೀತ ಕಿರಣ ಸುಡುವಲ್ಲಿ 578ರ ಅಣು ತಡ್ಕೊಳ್ತದೆ, ಇನ್ನೊಂದಕ್ಕೆ ಸ್ವಲ್ಪ ನೆರಳು ಬೇಕು. ಹೆಸರು ಗೊತ್ತಿಲ್ಲದ ಅಣುವಿನ ಸ್ವಭಾವ ಇಷ್ಟು ಗೊತ್ತುಂಟು. ನನಗೆ ಈ ವಿಷಯದಲ್ಲಿ ಅತಿ ಚೆಂದ ಅನಿಸುವುದೂ ಇದುವೇ.

ಹಾಗಾದ್ರೆ ಹೆಸರು ಹೇಳ್ಲಿಕ್ಕೆ ಎಂತ ಕಷ್ಟ?

500ಕ್ಕೂ ಮೇಲೆ ಪಟ್ಟೆಗಳು ಹೆಚ್ಚುಕಮ್ಮಿ 400ರಿಂದ 900 ನ್ಯಾನೊಮೀಟರ್ ನಡುವೆ ಹರಡಿವೆ, ಅಂದ್ರೆ ಸರಾಸರಿ ಒಂದು ನ್ಯಾನೊಮೀಟರಿಗೆ ಒಂದು. ಕಂಪ್ಯೂಟರಲ್ಲಿ ಒಂದು ದೊಡ್ಡ ಅಣುವಿನ ಹೀರಿಕೆ ಎಲ್ಲಿ ಬೀಳ್ತದೆ ಅಂತ ಲೆಕ್ಕ ಹಾಕಿದ್ರೆ ಉತ್ತರ ಸುಲಭದಲ್ಲಿ ಹತ್ತಾರು ನ್ಯಾನೊಮೀಟರ್ ಆಚೀಚೆ ಆಗ್ತದೆ. ಆ ಆಚೀಚೆಯ ಒಳಗೆ ಹತ್ತಾರು ಡಿಐಬಿ ಕೂತಿರ್ತವೆ. ಯಾವ ಅಣು ತಂದ್ರೂ ಯಾವುದೋ ಒಂದಕ್ಕೆ ಹೊಂದ್ತದೆ! ಹಾಗಾಗಿ ಒಂದು ಪಟ್ಟೆ ಹೊಂದಿತು ಅಂತ ಯಾರಾದ್ರೂ ಹೇಳಿದ್ರೆ ಅದಕ್ಕೆ ಬೆಲೆ ಇಲ್ಲ. ಆ ಅಣುವಿನ ಎಲ್ಲ ಪಟ್ಟೆಗಳೂ ಸಿಗಬೇಕು, ಜಾಗ ನ್ಯಾನೊಮೀಟರಿನ ನೂರನೇ ಒಂದು ಪಾಲಿನ ಮಟ್ಟದಲ್ಲಿ ಕೂರಬೇಕು, ಅಗಲ ಸರಿ ಇರಬೇಕು, ದಟ್ಟತೆಯ ಅನುಪಾತ ಸರಿ ಇರಬೇಕು. 1998ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜಾನ್ ಮೇಯರ್ ಅವರ ಗುಂಪು ಏಳು ಕಾರ್ಬನ್ ಸಾಲಾಗಿ ಪೋಣಿಸಿದ, ಒಂದು ಎಲೆಕ್ಟ್ರಾನ್ ಹೆಚ್ಚಿರುವ ಅಣು ಹಲವು ಪಟ್ಟೆಗಳಿಗೆ ಹೊಂದ್ತದೆ ಅಂತ ತೋರಿಸಿದಾಗ ತುಂಬಾ ಜನರಿಗೆ ಇನ್ನೇನು ಬಾಗಿಲು ತೆರೀತು ಅನ್ನಿಸಿತ್ತು. 2001ರ ಹೊತ್ತಿಗೆ ಇನ್ನೂ ಸೂಕ್ಷ್ಮವಾಗಿ ಅಳೆದಾಗ ಜಾಗವೂ ಕೂರಲಿಲ್ಲ, ಆಕಾರವೂ ಕೂರಲಿಲ್ಲ. ಬಿಟ್ಟರು.

ಲ್ಯಾಬಲ್ಲಿ ಅಳೆಯುವುದೇ ಸರಿ ದಾರಿ, ಆದ್ರೆ ಎಂಥ ಲ್ಯಾಬ್? ನಮ್ಮ ಪರ್ಮಾಂಗನೇಟ್ ಗ್ಲಾಸಿಗೆ ವಾಪಸ್ ಬನ್ನಿ. ನೀರಲ್ಲಿ ಕರಗಿದ ಅಣುವನ್ನು ಸುತ್ತ ನೀರಿನ ಅಣುಗಳು ಒತ್ತಿ ನೂಕ್ತಾ ಇರ್ತವೆ, ಅದರಿಂದ ಪಟ್ಟೆ ಅಗಲ ಆಗ್ತದೆ, ಜಾಗವೂ ಸರೀತದೆ. ಅಡಿಕೆಗೆ ಹೊಡೆಯುವ ಮೈಲುತುತ್ತಿನ ನೀರನ್ನು ಅದೇ ಪೆಟ್ಟಿಗೆಯಲ್ಲಿ ನೋಡಿದ್ರೆ ಪಟ್ಟೆಯೇ ಇಲ್ಲ, ಕೆಂಪು ತುದಿ ಇಡೀ ಕತ್ತಲೆ. ನಕ್ಷತ್ರಗಳ ನಡುವಿನ ಮೋಡದಲ್ಲಿ ಅಣುವನ್ನು ಮುಟ್ಟುವವರೇ ಇಲ್ಲ. ನಾವು ಉಸಿರಾಡುವ ಗಾಳಿಯ ಒಂದು ಘನ ಸೆಂಟಿಮೀಟರಲ್ಲಿ ಕೋಟಿ ಕೋಟಿಗಟ್ಟಲೆ ಅಣುಗಳಿದ್ರೆ ಈ ತೆಳು ಮೋಡಗಳಲ್ಲಿ ಅಷ್ಟೇ ಜಾಗದಲ್ಲಿ ಹತ್ತಿಪ್ಪತ್ತರಿಂದ ಕೆಲವು ನೂರು ಪರಮಾಣು. ಹಾಗಾಗಿ ಭೂಮಿಯ ಮೇಲೂ ಅಣುವನ್ನು ಒಂಟಿಯಾಗಿ, ನಿರ್ವಾತದಲ್ಲಿ, ಭಯಂಕರ ಚಳಿಯಲ್ಲಿ, ಬಹಳ ಸಲ ಒಂದು ಎಲೆಕ್ಟ್ರಾನ್ ಕಿತ್ತ ಸ್ಥಿತಿಯಲ್ಲಿ ಇಟ್ಟು ಅಳೀಬೇಕು. ಅಂಥ ಸ್ಥಿತಿಯಲ್ಲಿ ಸಿಗುವ ಅಣುಗಳು ಎಷ್ಟು ಕಡಿಮೆ ಅಂದ್ರೆ ಬೆಳಕು ಹಾಯಿಸಿದ್ರೆ ಅದು ಕಡಿಮೆ ಆದದ್ದು ಯಾವ ಮೀಟರಿಗೂ ಗೊತ್ತಾಗುವುದಿಲ್ಲ.

ಇದನ್ನು ಗೆದ್ದ ಒಂದೇ ಅಣುವಿನ ಕಥೆ ಸ್ವಲ್ಪ ಉದ್ದಕ್ಕೆ ಹೇಳ್ತೇನೆ.

1985ರಲ್ಲಿ ಹ್ಯಾರಿ ಕ್ರೋಟೊ, ರಿಚರ್ಡ್ ಸ್ಮಾಲಿ, ರಾಬರ್ಟ್ ಕರ್ಲ್ ಮತ್ತು ಅವರ ವಿದ್ಯಾರ್ಥಿಗಳು 60 ಕಾರ್ಬನ್ ಸೇರಿ ಫುಟ್ಬಾಲಿನ ಆಕಾರದಲ್ಲಿ ನಿಲ್ಲುವ ಅಣುವನ್ನು ಕಂಡುಹಿಡಿದರು, ಸಿ60, ಅದಕ್ಕೆ 1996ರ ರಸಾಯನಶಾಸ್ತ್ರ ನೊಬೆಲ್. ಕ್ರೋಟೊ ಆ ಪ್ರಯೋಗಕ್ಕೆ ಹೋದದ್ದೇ ನಕ್ಷತ್ರಗಳ ಸುತ್ತ ಕಾರ್ಬನ್ ಸರಪಳಿ ಹೇಗೆ ಆಗ್ತದೆ ಅಂತ ತಿಳೀಲಿಕ್ಕೆ. ಈ ಚೆಂಡು ಡಿಐಬಿಗೆ ಕಾರಣ ಇರಬಹುದಾ ಅನ್ನುವ ಮಾತು ಬೇಗ ಬಂತು. 1993ರಲ್ಲಿ ಬಾಸೆಲ್‌ನವರು ಒಂದು ಎಲೆಕ್ಟ್ರಾನ್ ಕಳಕೊಂಡ ಸಿ60ನ್ನು ಹೆಪ್ಪುಗಟ್ಟಿದ ನಿಯಾನ್ ಒಳಗೆ ಹುಗಿದು ಅಳೆದರು. ನಿಯಾನ್ ನೀರಿನಷ್ಟು ಒತ್ತುವುದಿಲ್ಲ, ಆದ್ರೂ ಒತ್ತುವುದು ಒತ್ತುವುದೇ. ಆ ಅಂದಾಜು ಹಿಡ್ಕೊಂಡು ಬರ್ನಾರ್ಡ್ ಫೋಯಿಂಗ್ ಮತ್ತು ಪಾಸ್ಕಲ್ ಏರೆನ್‌ಫ್ರೋಯ್ಂಡ್ ಆಕಾಶದಲ್ಲಿ ಹುಡುಕಿ 1994ರಲ್ಲಿ 957.7 ಮತ್ತು 963.2ರಲ್ಲಿ ಎರಡು ಹೊಸ ಪಟ್ಟೆ ಹಿಡಿದರು. ಅಂದಾಜಿನ ಹತ್ತಿರ ಉಂಟು, ಆದ್ರೆ ನಿಯಾನ್ ಎಷ್ಟು ಸರಿಸಿದೆ ಅಂತ ಗೊತ್ತಿಲ್ಲದೆ ಹೌದು ಅಂತಲೂ ಹೇಳುವ ಹಾಗಿಲ್ಲ, ಅಲ್ಲ ಅಂತಲೂ ಹೇಳುವ ಹಾಗಿಲ್ಲ.

ಹಾಗೆ 21 ವರ್ಷ ಹೋಯ್ತು. 2015ರಲ್ಲಿ ಅದೇ ಮೇಯರ್ ಅವರ ಗುಂಪು, 1998ರ ಗುರುತು ನಿಲ್ಲದೆ ಹೋದ ಅದೇ ಗುಂಪು, ಒಂದು ಜಾಣ ದಾರಿ ಹಿಡಿಯಿತು. ಅಯಾನುಗಳನ್ನು, ಅಂದ್ರೆ ಎಲೆಕ್ಟ್ರಾನ್ ಕಳಕೊಂಡ ಆ ಸಿ60 ಅಣುಗಳನ್ನು, ಸುಮಾರು ಮೈನಸ್ 267 ಡಿಗ್ರಿಯ ಬೋನಿನಲ್ಲಿ ಹಿಡಿದಿಟ್ಟು ಒಂದೊಂದಕ್ಕೂ ಒಂದು ಹೀಲಿಯಂ ಪರಮಾಣು ಅಂಟಿಸಿದರು. ಲೇಸರ್ ಬಿಡ್ತಾ ಅದರ ಬಣ್ಣ ಸ್ವಲ್ಪ ಸ್ವಲ್ಪವೇ ಬದಲಿಸಿದರು. ಅಣು ಬೆಳಕು ನುಂಗಿದ್ರೆ ಬಿಸಿಯಾಗಿ ಹೀಲಿಯಂ ಉದುರ್ತದೆ. ಕತ್ತಲಲ್ಲಿ ಮಾವಿನ ಮರಕ್ಕೆ ಕಲ್ಲು ಬೀರಿದವ ಕಲ್ಲು ತಾಗಿತಾ ಇಲ್ವಾ ಅಂತ ಕಣ್ಣಲ್ಲಿ ನೋಡುವುದಿಲ್ಲ, ಹಣ್ಣು ಬಿದ್ದ ಸದ್ದು ಕೇಳ್ತಾನೆ, ಹಾಗೆ. ಬೆಳಕು ಎಷ್ಟು ಕಡಿಮೆ ಆಯ್ತು ಅಂತ ಅಳೆಯುವ ಬದಲು ಹೀಲಿಯಂ ಕಳಕೊಂಡವು ಎಷ್ಟು ಅಂತ ಎಣಿಸಿದರು. ಅಂಟಿದ ಆ ಹೀಲಿಯಂ ಪಟ್ಟೆಯನ್ನು ಎಷ್ಟು ಸರಿಸ್ತದೆ ಅಂತಲೂ ನೋಡಿ ಅದನ್ನು ಕಳೆದರು. ಬಂದ ಜಾಗ 957.7 ಮತ್ತು 963.2, ನಕ್ಷತ್ರದಲ್ಲಿ ಕಂಡ ಅದೇ ಜಾಗ. ಜೊತೆಗೆ ಸಣ್ಣ ಪಟ್ಟೆಗಳು 936.5, 942.8 ಹೀಗೆ ಇರಬೇಕು ಅಂತಲೂ ಗೊತ್ತಾಯ್ತು. ಆ ಭಾಗದಲ್ಲಿ ನಮ್ಮದೇ ವಾತಾವರಣದ ನೀರಾವಿ ಬೆಳಕು ಕುಡೀತದೆ, ಭೂಮಿಯಿಂದ ನೋಡಿ ಸಣ್ಣ ಪಟ್ಟೆ ಹುಡುಕುವುದು ಅಂದ್ರೆ ಆಟಿಯ ಮಳೆಯಲ್ಲಿ ಬಟ್ಟೆ ಒಣಗಿಸಿದ ಹಾಗೆ. ಕಡೆಗೆ ವಾತಾವರಣದ ಮೇಲೆ ಇರುವ ಹಬಲ್ ಟೆಲಿಸ್ಕೋಪಲ್ಲಿ ನೋಡಿದ ಫಲಿತಾಂಶ 2019ರಲ್ಲಿ ಬಂತು, ಸಣ್ಣವೂ ಇದ್ದವು.

ಅಲ್ಲಿಂದ ಈಚೆಗೆ ಎಂತ ಆಗಿದೆ ಅಂದ್ರೆ ಆಕಾಶದ ಕಡೆಯ ಲೆಕ್ಕ ಉಕ್ಕಿ ಹರೀತಾ ಉಂಟು. ಯುರೋಪಿನ ಗೈಯಾ ಉಪಗ್ರಹ 862 ನ್ಯಾನೊಮೀಟರಿನ ಒಂದು ಡಿಐಬಿಯನ್ನು ಲಕ್ಷಗಟ್ಟಲೆ ನಕ್ಷತ್ರಗಳ ಬೆಳಕಲ್ಲಿ ಅಳೆದು, 2022ರಲ್ಲಿ ಅದರ ನಕ್ಷೆಯೇ ಬಂತು, ನಮ್ಮ ಆಕಾಶಗಂಗೆಯಲ್ಲಿ ಆ ಅಣು ಎಲ್ಲಿ ದಟ್ಟ, ಎಲ್ಲಿ ತೆಳು ಅಂತ. 2023ರಲ್ಲಿ ಇನ್ನೂ ದೊಡ್ಡದು ಬಂತು. ಗೈಯಾ 2025ರಲ್ಲಿ ಕೆಲಸ ಮುಗಿಸಿತು, ಅದರ ಲೆಕ್ಕ ಇನ್ನೂ ಬರಲಿಕ್ಕುಂಟು. ಬೇರೆ ಗ್ಯಾಲಕ್ಸಿಗಳಲ್ಲೂ ಈ ಪಟ್ಟೆಗಳು ಸಿಕ್ಕಿವೆ, ಮೆಜೆಲಾನಿಕ್ ಮೋಡಗಳಲ್ಲಿ, ಆಂಡ್ರೊಮಿಡಾದಲ್ಲಿ. ಇಡೀ ಊರಿನ ಮನೆ ಮನೆಯ ನಕ್ಷೆ ಉಂಟು, ಒಂದನ್ನು ಬಿಟ್ಟು ಯಾವ ಮನೆಗೂ ಹೆಸರಿಲ್ಲ ಅನ್ನುವ ಸ್ಥಿತಿ. ನನ್ನ ಮಟ್ಟಿಗೆ ಇಲ್ಲೇ ಗಂಟು ಇರುವುದು. ದೊಡ್ಡ ಟೆಲಿಸ್ಕೋಪಿಗೆ ಫಂಡ್ ಸಿಗ್ತದೆ, ಫೋಟೋ ಬರ್ತದೆ, ಪೇಪರಲ್ಲಿ ಬರ್ತದೆ. ಒಂದು ಅಣುವನ್ನು ಮಾಡಿ, ಎಲೆಕ್ಟ್ರಾನ್ ಕಿತ್ತು, ತಣ್ಣಗೆ ಮಾಡಿ, ವಾರಗಟ್ಟಲೆ ಲೇಸರ್ ತಿರುಗಿಸ್ತಾ ಕೂರುವ ಲ್ಯಾಬಿಗೆ ಅಂಥ ಆಕರ್ಷಣೆ ಇಲ್ಲ, ಅಷ್ಟು ಕಷ್ಟಪಟ್ಟ ಮೇಲೆ ಬರುವ ಉತ್ತರ ಹೆಚ್ಚಿನ ಸಲ "ಇದಲ್ಲ". ಆದ್ರೆ 500 ಪಟ್ಟೆಗಳ ಹೆಸರು ಬರುವುದಾದ್ರೆ ಆ ಕೋಣೆಗಳಿಂದಲೇ ಬರಬೇಕು. ಇನ್ನೊಂದು ಹತ್ತು ಲಕ್ಷ ನಕ್ಷತ್ರ ಅಳೆದ್ರೂ ಅಷ್ಟರಿಂದಲೇ ಹೆಸರು ಬರುವುದಿಲ್ಲ.

ಯಾವ ಅಣುಗಳನ್ನು ಮೊದಲು ಪರೀಕ್ಷೆ ಮಾಡಬೇಕು ಅಂತ ಕೇಳಿದ್ರೆ ಹೆಚ್ಚಿನವರು ಕೈ ತೋರಿಸುವುದು ಪಿಎಎಚ್ ಅನ್ನುವ ಕುಟುಂಬದ ಕಡೆಗೆ, ಜೇನುಹುಟ್ಟಿನ ಹಾಗೆ ಆರು ಮೂಲೆಯ ಕಾರ್ಬನ್ ಉಂಗುರಗಳು ಒಂದಕ್ಕೊಂದು ಅಂಟಿದ ಅಣುಗಳು. ಇದು ದೂರದ್ದೇನಲ್ಲ. ಕಪಾಟಲ್ಲಿ ಸೀರೆ ನಡುವೆ ಇಡುವ ನುಸಿಗುಳಿಗೆಯ ನಾಫ್ತಲೀನ್ ಈ ಕುಟುಂಬದ ಅತಿ ಚಿಕ್ಕದು, ಎರಡೇ ಉಂಗುರ. ಬಚ್ಚಲ ಹಂಡೆಯ ಅಡಿ ಕೆರೆದು ನೋಡಿ, ಆ ಮಸಿಯಲ್ಲಿ ಹಲವು ಉಂಗುರದವು ಉಂಟು. ಬಾಹ್ಯಾಕಾಶದಲ್ಲಿ ಇವು ಇರುವುದು ಅವಕೆಂಪು ಬೆಳಕಿನಿಂದ ತುಂಬಾ ಹಿಂದೆಯೇ ಅಂದಾಜಾಗಿತ್ತು, ಆದ್ರೆ ಆ ಬೆಳಕಲ್ಲಿ ಇಡೀ ಕುಟುಂಬದ ಗದ್ದಲ ಕೇಳ್ತದೆ, ಒಬ್ಬೊಬ್ಬರ ದನಿ ಬೇರೆ ಆಗುವುದಿಲ್ಲ. ರೇಡಿಯೋ ಟೆಲಿಸ್ಕೋಪಿನವರು ವೃಷಭ ರಾಶಿಯ ಒಂದು ಕಪ್ಪು ಮೋಡದಲ್ಲಿ 2021ರಲ್ಲಿ ನಾಫ್ತಲೀನಿನ ಹತ್ತಿರದ ಸಂಬಂಧಿಯನ್ನೂ 2024ರಲ್ಲಿ ನಾಲ್ಕು ಉಂಗುರದ ಪೈರೀನಿನ ಸಂಬಂಧಿಯನ್ನೂ ಒಂದೊಂದಾಗಿ ಗುರುತು ಹಿಡಿದರು. ದೊಡ್ಡ ಸುದ್ದಿಯೇ, ಯಾಕಂದ್ರೆ ಇಂಥ ಅಣು ಅಷ್ಟು ಚಳಿಯ ಮೋಡದಲ್ಲಿ ಬೇಕಾದಷ್ಟು ಉಂಟು ಅಂತ ಈಗ ಯಾರೂ ಅನುಮಾನ ಪಡುವ ಹಾಗಿಲ್ಲ. ಆದ್ರೆ ಅದರಿಂದ 578ರ ಪಟ್ಟೆಗೆ ಉತ್ತರ ಸಿಕ್ಕಿತು ಅಂತ ಬರೆದ್ರೆ ತಪ್ಪು. ಸಣ್ಣ ಪಿಎಎಚ್‌ಗಳು ಎಲೆಕ್ಟ್ರಾನ್ ಕಳಕೊಳ್ಳದ ಸ್ಥಿತಿಯಲ್ಲಿ ಹೀರುವುದು ನೇರಳಾತೀತವನ್ನು. ನಮ್ಮ ಪಟ್ಟೆಗಳಿಗೆ ಇನ್ನೂ ದೊಡ್ಡವು ಅಥವಾ ಎಲೆಕ್ಟ್ರಾನ್ ಕಳಕೊಂಡವು ಬೇಕು, ಉಂಗುರ ಹೆಚ್ಚಾದ ಹಾಗೆ ಜೋಡಿಸುವ ಬಗೆಗಳು ಲಕ್ಷ ಲಕ್ಷ ಆಗ್ತವೆ.

ಯಾಕೆ ಇಷ್ಟು ತಲೆಕೆಡಿಸಬೇಕು ಅಂತ ಕೇಳಿದವರಿಗೆ ನಾನು ಹೇಳುವುದು, ಸೂರ್ಯ ಭೂಮಿ ಎಲ್ಲ ಆದದ್ದು ಇಂಥದ್ದೇ ಮೋಡ ಕುಸಿದು. ಅದರಲ್ಲಿ ಕಾರ್ಬನ್ ಯಾವ ರೂಪದಲ್ಲಿ ಇತ್ತು ಅನ್ನುವ ಪಟ್ಟಿ ನಮ್ಮ ಹತ್ತಿರ ಇನ್ನೂ ಅರ್ಧಂಬರ್ಧ, ಆ ಪಟ್ಟಿಯ ಒಂದು ಭಾಗ ಈ ಕಲೆಗಳಲ್ಲಿ ಬರೆದಿಟ್ಟಿದೆ.

ಹುಡುಗಿಗೆ ಇಷ್ಟೆಲ್ಲ ಒಂದೇ ಸಂಜೆಗೆ ಹೇಳಲಿಲ್ಲ. ಅವಳ ಶಾಲೆಯಲ್ಲಿ ಒಂದು ವರ್ಷ ವಿಜ್ಞಾನಕ್ಕೆ ಕನ್ನಡ ಬಾರದವರೇ ಬಂದಿದ್ದರು, ಮಕ್ಕಳು ಪಾಠದ ಅರ್ಧ ಮನೆಗೆ ಬಂದು ಕೇಳಿ ತಿಳೀಬೇಕಾಗಿತ್ತು, ಹಾಗಾಗಿ ರೋಹಿತ, ಹೀರಿಕೆ, ಅಯಾನು ಅಂತ ಒಂದೊಂದು ಶಬ್ದ ಬಂದಾಗಲೂ ನಿಲ್ಲಿಸಿ ಕೇಳಿದಳು, ನಿಲ್ಲಿಸಿ ಹೇಳಿದೆ. ನೋಟ್ ಬುಕ್ಕಲ್ಲಿ ಮೂರು ಕಾಲಂ ಹಾಕಿದಳು, ಜಾಗ, ಬಣ್ಣ, ಯಾರದ್ದು. 957.7 ಮತ್ತು 963.2ರ ಎದುರು "ಕಣ್ಣಿಗೆ ಕಾಣದು", "ಸಿ60, ಒಂದು ಎಲೆಕ್ಟ್ರಾನ್ ಕಮ್ಮಿ" ಅಂತ ಬರೆದಳು. 578.0ರ ಎದುರು "ಹಳದಿ" ಅಂತ ಬರೆದು ಪೆನ್ನು ಎತ್ತಿದಳು.

ರಾತ್ರಿ ಹನ್ನೊಂದರ ಹೊತ್ತಿಗೆ ಕರೆಂಟ್ ಹೋಯ್ತು, ಅಡಿಕೆ ಒಣಗಿಸುವ ಅಂಗಳಕ್ಕೆ ಬಂದೆವು. ತೆಂಕು ಬದಿಗೆ ತೋಟದ ಮೇಲೆ ವೃಶ್ಚಿಕ ಪೂರಾ ಎದ್ದಿತ್ತು, ಜ್ಯೇಷ್ಠಾ ಕೆಂಪಾಗಿ, ಅದರ ಬಲಕ್ಕೆ ಸ್ವಲ್ಪ ಮೇಲೆ ಸಿಗ್ಮಾ.

"ಅದರ ಬೆಳಕಲ್ಲಿ ಈಗಲೂ ಆ ಪಟ್ಟೆ ಉಂಟಾ ಮಾವ? ನಾವು ನೋಡ್ತಾ ಇರುವಾಗಲೇ?"

"ಉಂಟು. ಈ ಪೆಟ್ಟಿಗೆಯಲ್ಲಿ ಕಾಣ್ಲಿಕ್ಕಿಲ್ಲ, ಆದ್ರೆ ನಿನ್ನ ಕಣ್ಣಿಗೆ ಬೀಳುವ ಬೆಳಕಲ್ಲಿ ಅಷ್ಟು ಹಳದಿ ಕಮ್ಮಿಯೇ ಬರ್ತಾ ಉಂಟು."

ಅವಳು ಪೆಟ್ಟಿಗೆ ಎತ್ತಿ ಒಮ್ಮೆ ನೋಡಿಯೇ ನೋಡಿದಳು. ಪಡುವಣ ಕಡೆಯಿಂದ ಮೋಡ ಏರ್ತಾ ಇತ್ತು.